ಶಾಸನದಲ್ಲಿಲ್ಲದ ಶಿಕ್ಷೆ

ಸೆರೆಮನೆಯವರ ಆರೋಗ್ಯದ ಮಾತನ್ನೆತ್ತಿದೊಡನೆ ನಮ್ಮ ಪೇಟೆಯ ಸಭ್ಯಗೃಹಸ್ಥರ ಬಾಯಿಂದ ಸಿದ್ಧ ಉತ್ತರವೊಂದು ಹೊರಡುವದುಂಟು: "ತಪ್ಪು ಮಾಡದ ಬಡವನಿಗೇ ನೆಟ್ಟಗೆ ದವಾಖಾನೆಯಿಲ್ಲದ ದೇಶದಲ್ಲಿ ಕಳ್ಳಕಾಕರ ಔಷಧೋಪಚಾರದ ಗೊಡವೆ ಯಾರಿಗೆ ಬೇಕು?" ಹೀಗೆ ಆಡುವವರು ದುಷ್ಟರಲ್ಲ; ತೆರಿಗೆ ಕೊಡುವವರು, ಮಕ್ಕಳನ್ನು ಶಾಲೆಗೆ ಕಳಿಸುವವರು, ಹಬ್ಬಹುಣ್ಣಿವೆಗೆ ನಾಲ್ಕು ಜನಕ್ಕೆ ಅನ್ನವಿಕ್ಕುವವರು. ಹಾಗಿದ್ದೂ ಈ ಒಂದು ಮಾತಿನ ಹೊಟ್ಟೆಯಲ್ಲಿ ಅಡಗಿರುವಷ್ಟು ಅಜ್ಞಾನವು ಬೇರೆ ಕಡೆಯಲ್ಲಿ ಸಿಕ್ಕುವದು ದುರ್ಲಭವೆಂದು ನಾವು ಹೇಳಬೇಕಾಗಿದೆ. ಕೋಪದಿಂದ ಹೇಳುವದಿಲ್ಲ, ಅಂಕಿಗಳನ್ನೂ ಕಾಯಿದೆಯನ್ನೂ ಮುಂದಿಟ್ಟು ಹೇಳುತ್ತೇವೆ.

ಒಳಗಿರುವವರು ಯಾರು? ಕೇಂದ್ರ ಸರಕಾರದ ಅಪರಾಧ ದಾಖಲೆಗಳ ಕಚೇರಿಯು ಪ್ರಕಟಿಸಿದ ೨೦೨೨ನೆಯ ವರ್ಷದ ಕಾರಾಗೃಹ ವರದಿಯ ಮೇರೆಗೆ ಆ ವರ್ಷದ ಕೊನೆಯ ದಿನ ಭಾರತದ ೧,೩೩೦ ಸೆರೆಮನೆಗಳಲ್ಲಿ ೫,೭೩,೨೨೦ ಜನರಿದ್ದರು. ಆ ಸೆರೆಮನೆಗಳು ಹಿಡಿಸುವದಾದರೋ ೪,೩೬,೨೬೬ ಜನರನ್ನು. ನೂರು ಜನರ ಸ್ಥಳದಲ್ಲಿ ನೂರಮೂವತ್ತೊಂದು ಜನ! ಇದು ದೇಶದ ಸರಾಸರಿ ಮಾತ್ರ. ಕೆಲವು ಸೆರೆಮನೆಗಳಲ್ಲಿ ಜಾಗವು ಬರಿದಾಗಿಯೂ ಇರುವದರಿಂದ ತುಂಬಿತುಳುಕುವವುಗಳ ಗತಿ ಏನೆಂಬದನ್ನು ನಮ್ಮ ವಾಚಕರಲ್ಲಿಯ ಗಣಿತದ ಮಾಸ್ತರರು ಲೆಕ್ಕಹಾಕಿಕೊಳ್ಳಬಹುದು. ಈ ಐದೂಮುಕ್ಕಾಲು ಲಕ್ಷದಲ್ಲಿ ೪,೩೪,೩೦೨ ಜನರು ವಿಚಾರಣೆಯು ಇನ್ನೂ ಮುಗಿಯದವರು. ಎಂದರೆ ನಾಲ್ವರಲ್ಲಿ ಮೂವರು. ವಾಚಕರು ಈ ಎರಡು ಸಂಖ್ಯೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಬೇಕು. ಸೆರೆಮನೆಗಳಲ್ಲಿರುವ ಒಟ್ಟು ಸ್ಥಳವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ, ಅಪರಾಧಿಯೆಂದು ಯಾವ ನ್ಯಾಯಾಧೀಶನೂ ಹೇಳಿರದ ಜನರೇ ತುಂಬಿಬಿಟ್ಟಿದ್ದಾರೆ. ಇವರನ್ನು ಕಳ್ಳರೆಂದು ಕರೆಯುವ ಅಧಿಕಾರವು ಸಭ್ಯಗೃಹಸ್ಥರಿಗೆ ಎಲ್ಲಿಂದ ಬಂದಿತು?

ಇನ್ನು ಅಪರಾಧಿಯೆಂದು ತೀರ್ಮಾನವಾದವನ ಮಾತು. ಅವನಿಗೆ ಕೊಡಬಹುದಾದ ಶಿಕ್ಷೆಗಳಾವವೆಂಬದನ್ನು ೧೮೬೦ರ ದಂಡಸಂಹಿತೆಯು ತನ್ನ ೫೩ನೆಯ ಕಲಮಿನಲ್ಲಿ ಎಣಿಸಿಟ್ಟಿತ್ತು. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯು ತನ್ನ ೪ನೆಯ ಕಲಮಿನಲ್ಲಿ ಅವನ್ನೇ ಎಣಿಸಿ ಸಮಾಜಸೇವೆಯೊಂದನ್ನು ಕೂಡಿಸಿತು. ಮರಣದಂಡನೆ, ಯಾವಜ್ಜೀವ ಕಾರಾವಾಸ, ಸಶ್ರಮ ಇಲ್ಲವೆ ಸಾದಾ ಸೆರೆ, ಆಸ್ತಿಯ ಮುಟ್ಟುಗೋಲು, ದಂಡ. ಅಲ್ಲಿ ಕ್ಷಯರೋಗವಿಲ್ಲ, ಕಜ್ಜಿಯಿಲ್ಲ, ಕಾಮಾಲೆಯಿಲ್ಲ, ಹುಚ್ಚು ಹಿಡಿಸುವದೂ ಇಲ್ಲ. ಮೂರು ವರ್ಷಗಳ ಶಿಕ್ಷೆಯೆಂದು ತೀರ್ಪು ಬರೆದ ನ್ಯಾಯಾಧೀಶನು ಮೂರು ವರ್ಷಗಳ ಸ್ವಾತಂತ್ರ್ಯವನ್ನು ಕಸಿದುಕೊಂಡನೇ ಹೊರತು ಒಂದು ಶ್ವಾಸಕೋಶವನ್ನಲ್ಲ. ಆದರೆ ಕೈದಿಗೆ ಅದು ಸಿಕ್ಕುತ್ತದೆ. ಯಾವ ಶಾಸನಸಭೆಯೂ ಒಪ್ಪದ, ಯಾವ ನ್ಯಾಯಾಲಯವೂ ವಿಧಿಸದ, ಮೇಲ್ಮನವಿಗೆ ಅವಕಾಶವೇ ಇಲ್ಲದ ಶಿಕ್ಷೆಯಿದು. ವಿಚಾರಣೆಯ ಕೈದಿಗೆ ತೀರ್ಪಿಗಿಂತ ಮೊದಲೇ ಸಿಕ್ಕುವದು ಇದರ ಇನ್ನೊಂದು ವಿಶೇಷ.

ಕ್ಷಯದ ಬೀಜವು ಗಾಳಿಯಲ್ಲಿ ತೇಲುವಂಥಾದ್ದು. ಕೆಮ್ಮಿದವನ ಬಾಯಿಂದ ಹೊರಟು ಬೆಳಕೂ ಗಾಳಿಯೂ ಆಡದ ಕೋಣೆಯಲ್ಲಿ ಅದು ಬಹಳ ಹೊತ್ತು ನಿಲ್ಲುತ್ತದೆ. ಸಂಜೆ ಬಾಗಿಲು ಮುಚ್ಚಿದರೆ ಬೆಳಗಿನ ವರೆಗೆ ತೆರೆಯದ ಬರಾಕಿನಲ್ಲಿ, ಮಗ್ಗುಲು ಬದಲಿಸಲು ನೆರೆಯವನ ಅಪ್ಪಣೆ ಕೇಳಬೇಕಾದಷ್ಟು ಒತ್ತಾಗಿ ಮಲಗಿದ ಜನರ ನಡುವೆ ಒಬ್ಬನಿಗೆ ಕ್ಷಯವಿದ್ದರೆ ಸಾಕು. ಉಳಿದವರಿಗೆ ತಪ್ಪಿಸಿಕೊಂಡು ಹೋಗಲು ಬೇರೆ ಕೋಣೆಯಿಲ್ಲ. ಹೊಟ್ಟೆತುಂಬ ಉಣ್ಣದವನಿಗೆ, ಮೊದಲೇ ಎಚ್.ಐ.ವಿ. ತಗಲಿದವನಿಗೆ, ಬೀಡಿಯಿಂದ ಎದೆ ಸುಟ್ಟುಕೊಂಡವನಿಗೆ ಅದು ಇನ್ನೂ ಬೇಗ ಹತ್ತುತ್ತದೆ. ಜಗತ್ತಿನ ಲೆಕ್ಕವನ್ನು ಒಟ್ಟಾಗಿ ತೆಗೆದರೆ ಹೊರಗಿನ ಜನರಿಗಿಂತ ಸೆರೆಯ ಜನರಲ್ಲಿ ಕ್ಷಯವು ಸುಮಾರು ಹತ್ತು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ದೇಶದಲ್ಲಿ ಎಚ್.ಐ.ವಿ.ಯ ಮಾತೂ ಹಾಗೆಯೇ: ೨೦೧೯ರಲ್ಲಿ ಸರಕಾರವು ನಡೆಸಿದ ತಪಾಸಣೆಯಲ್ಲಿ ಕೈದಿಗಳಲ್ಲಿ ಅದು ನೂರಕ್ಕೆ ಸುಮಾರು ಎರಡು, ಹೊರಗಿನ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಎರಡು. ಈ ರೋಗಗಳನ್ನು ಅವರು ಹೊರಗಿನಿಂದ ತಂದರೆಂದು ಕೆಲವರು ಹೇಳಬಹುದು. ತಂದವರೂ ಇದ್ದಾರೆ. ತಂದವನನ್ನು ಬಾಗಿಲಲ್ಲಿಯೇ ಪರೀಕ್ಷಿಸಿ ಮದ್ದು ಕೊಡುವದನ್ನು ಬಿಟ್ಟು ಅವನನ್ನು ಬರಾಕಿನ ಮಧ್ಯದಲ್ಲಿ ಮಲಗಿಸುವವರು ಯಾರು?

ಗೋಡೆಯು ಕೈದಿಯನ್ನು ತಡೆಯುತ್ತದೆ, ರೋಗವನ್ನು ತಡೆಯುವದಿಲ್ಲ. ಇದು ಹೊಸ ಶೋಧವೇನಲ್ಲ. ೧೫೭೭ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ನ್ಯಾಯಾಲಯವು ನೆರೆದಾಗ ಕೈದಿಗಳಿಂದ ಹರಡಿದ ಜ್ವರವು ಅಲ್ಲಿಯ ನೂರಾರು ಜನರನ್ನು ಬಲಿತೆಗೆದುಕೊಂಡಿತು. ೧೭೫೦ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಅದೇ ಕಥೆ ಮರಳಿತು. ಕಟಕಟೆಯಲ್ಲಿ ನಿಂತಿದ್ದವರು ನ್ಯೂಗೇಟ್ ಸೆರೆಮನೆಯ ದರಿದ್ರರು. ಸತ್ತವರಲ್ಲಿ ಲಂಡನ್ನಿನ ಮೇಯರನೂ ಇಬ್ಬರು ನ್ಯಾಯಾಧೀಶರೂ ಇದ್ದರು. ಸೆರೆಮನೆಯ ಜ್ವರವೆಂದು ಹೆಸರಾದ ಈ ರೋಗವು ಹೇನುಗಳಿಂದ ಹರಡುವ ಟೈಫಸ್ ಎಂದು ಮುಂದೆ ತಿಳಿದುಬಂದಿತು. ಹೇನಿಗೆ ಮೇಯರನ ನಿಲುವಂಗಿಗೂ ಕೈದಿಯ ಚಿಂದಿಗೂ ಭೇದ ತಿಳಿಯುವದಿಲ್ಲವಷ್ಟೆ! ಆ ಬಳಿಕ ಜಾನ್ ಹೋವರ್ಡನೆಂಬ ಪುಣ್ಯಾತ್ಮನು ಊರೂರಿನ ಸೆರೆಮನೆಗಳನ್ನು ಹೊಕ್ಕು ನೋಡಿ ೧೭೭೭ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ನೇಣುಗಂಬಕ್ಕಿಂತ ಈ ಜ್ವರವೇ ಹೆಚ್ಚು ಜನರನ್ನು ಕೊಲ್ಲುತ್ತಿದೆಯೆಂದು ತೋರಿಸಿಕೊಟ್ಟನು.

ಇದೆಲ್ಲ ಮುದಿಕಾಲದ ಕಥೆಯೆನ್ನುವವರು ರಶಿಯದ ಕಡೆಗೆ ನೋಡಲಿ. ೧೯೯೧ರಲ್ಲಿ ಸೋವಿಯೆತ್ ಒಕ್ಕೂಟವು ಮುರಿದ ತರುವಾಯ ಆ ದೇಶದ ಸೆರೆಮನೆಗಳಲ್ಲಿ ಸುಮಾರು ಹತ್ತು ಲಕ್ಷ ಜನರು ತುಂಬಿದರು. ಔಷಧಕ್ಕೆ ಹಣವಿಲ್ಲ, ಕೊಟ್ಟ ಔಷಧವೂ ಅರೆಬರೆ. ಅರ್ಧಕ್ಕೆ ನಿಂತ ಮದ್ದು ಕ್ಷಯದ ಬೀಜವನ್ನು ಕೊಲ್ಲುವದಿಲ್ಲ, ಅದಕ್ಕೆ ಗರಡಿಯ ಸಾಧನೆ ಮಾಡಿಸುತ್ತದೆ. ಹೀಗೆ ಮದ್ದಿಗೆ ಬಗ್ಗದ ಕ್ಷಯವು ಸೆರೆಮನೆಗಳಲ್ಲಿ ಪಳಗಿ, ಬಿಡುಗಡೆಯಾದವರೊಡನೆ ಮನೆಗಳಿಗೆ ಹೋಗಿ, ಸೆರೆಮನೆಯ ಮೋರೆಯನ್ನೇ ಕಾಣದ ಜನರಿಗೂ ಅಂಟಿತು. ನಮ್ಮಲ್ಲಿಯೂ ಸಾಮಾನ್ಯ ಕ್ಷಯದ ಚಿಕಿತ್ಸೆಗೆ ಆರು ತಿಂಗಳು ಬೇಕು. ಮೂರನೆಯ ತಿಂಗಳಲ್ಲಿ ಜಾಮೀನು ದೊರೆತು ಹೊರಬಂದ ಕೈದಿಯ ಕೈಯಲ್ಲಿ ಕೋರ್ಟಿನ ಕಾಗದವಿರುತ್ತದೆ. ಗುಳಿಗೆಯ ಪೊಟ್ಟಣವೂ ಊರ ದವಾಖಾನೆಗೆ ಒಂದು ಚೀಟಿಯೂ ಇರುತ್ತವೆಯೋ ಎಂದು ಯಾರೂ ಕೇಳುವದಿಲ್ಲ. ಅವನು ಬಸ್ಸು ಹತ್ತುತ್ತಾನೆ. ಪಕ್ಕದಲ್ಲಿ ಕುಳಿತವರು ನಾವೇ.

ಈಗ ಕಾಯಿದೆಯ ಮಾತು. ನಮ್ಮ ಸೆರೆಮನೆಗಳ ಮೂಲಪುರುಷನೆಂದರೆ ಇಂಗ್ಲಿಷರ ೧೮೯೪ರ ಕಾರಾಗೃಹ ಕಾಯಿದೆ. ಕರ್ನಾಟಕದ ೧೯೬೩ರ ಕಾಯಿದೆಯೂ ಅದೇ ಬಳ್ಳಿಯ ಕಾಯಿ. ಪರಕೀಯರ ಆ ಕಾಯಿದೆಯಲ್ಲಿಯೇ ಒಂದು ಸಂಗತಿಯಿದೆ, ವಾಚಕರಲ್ಲಿ ಹಲವರಿಗೆ ಅದು ಹೊಸದಾಗಿ ತೋರಬಹುದು. ಸುರಕ್ಷಿತವಾಗಿ ಇಡಬಹುದಾದುದಕ್ಕಿಂತ ಹೆಚ್ಚು ಕೈದಿಗಳು ಕೂಡಿದರೆ ಇಲ್ಲವೆ ಒಳಗೆ ಸಾಂಕ್ರಾಮಿಕವೆದ್ದರೆ, ಹೆಚ್ಚಾದವರಿಗೆ ತಾತ್ಪೂರ್ತಿಕ ಸೆರೆಮನೆಗಳಲ್ಲಿ ಆಸರೆ ಮಾಡಿಕೊಡಬೇಕೆಂದು ಅದರ ೭ನೆಯ ಕಲಮು ವಿಧಿಸುತ್ತದೆ. ಎಂದರೆ ಜನಸಂದಣಿಯೂ ಸಾಂಕ್ರಾಮಿಕವೂ ಒಂದೇ ಜಾತಿಯ ಅಪಾಯಗಳೆಂಬದನ್ನು ೧೮೯೪ರ ಇಂಗ್ಲಿಷ್ ಅಧಿಕಾರಿಯೂ ಬಲ್ಲವನಾಗಿದ್ದನು. ಅವನಿಗೆ ಅದು ದಯೆಯಲ್ಲ, ಅನುಭವ. ಪ್ಲೇಗು ಕಾಲರಾಗಳು ಮೊದಲು ಹೊಕ್ಕು ಕುಳಿತುಕೊಳ್ಳುವ ಸ್ಥಳ ಯಾವದೆಂಬದು ಅವನಿಗೆ ಗೊತ್ತಿತ್ತು. ಹಾಫ್‌ಕಿನ್ ಪಂಡಿತನು ೧೮೯೭ರಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು, ಬಳಿಕ ಮುಂಬಯಿಯ ಭಾಯಖಳಾ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಾಗ ಅಲ್ಲಿಯ ಕೈದಿಗಳಿಗೆ ಚುಚ್ಚಿ ಅದರ ಗುಣವನ್ನು ಕಂಡುಕೊಂಡನು. ಇಡಿಯ ದೇಶವು ಆ ಲಸಿಕೆಯಿಂದ ಉಪಕಾರ ಪಡೆಯಿತು. ಆ ಉಪಕಾರದಲ್ಲಿ ಕೈದಿಗಳ ಪಾಲೂ ಇತ್ತೆಂಬದನ್ನು ನೆನೆದವರು ಎಷ್ಟು ಮಂದಿ?

ಆದರೆ ಅದೇ ಕಾಯಿದೆಯು ವೈದ್ಯನನ್ನು ಸೆರೆಮನೆಯ ಅಧಿಕಾರದ ಕೆಳಗೆ ನಿಲ್ಲಿಸಿತು. ರೋಗವು ಅಲ್ಲಿಯೇ ಇದೆ. ಇಂದು ಹಲವೆಡೆ ವೈದ್ಯನು ಆರೋಗ್ಯ ಇಲಾಖೆಯಿಂದ ಎರವಲು ಬಂದವನಾದರೂ ಒಳಗೆ ನಡೆಯುವದು ಬೀಗದವನ ಮಾತು. ಕೈದಿಯ ಎದೆನೋವು ನೋವೋ ನಟನೆಯೋ ಎಂದು ಮೊದಲು ತೀರ್ಮಾನಿಸುವವನು ಕಾವಲುಗಾರ. ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ವೈದ್ಯನು ಬರೆದನೆನ್ನಿ. ಬೆಂಗಾವಲಿನ ಪೋಲೀಸರು ದೊರೆತ ದಿನವೇ ರೋಗಿಯ ಭಾಗ್ಯದ ದಿನ. ಮುನ್ನೂರು ಕೈದಿಗಳಿಗೆ ಒಬ್ಬ ವೈದ್ಯನಿರಬೇಕೆಂದು ೨೦೧೬ರ ಮಾದರಿ ಕೈಪಿಡಿಯು ಹೇಳಿತು. ಹೇಳಿದ್ದು ಕಾಗದದಲ್ಲಿ ಚೆನ್ನಾಗಿಯೇ ಇದೆ, ಹುದ್ದೆಗಳು ಖಾಲಿಯಿವೆ. ಬೆಂಗಳೂರಿನ ಸೆರೆಮನೆಯ ಕೈದಿಯೊಬ್ಬನು ಬರೆದ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ, ರಾಮಮೂರ್ತಿ ಪ್ರಕರಣವೆಂದು ಹೆಸರಾದ ತನ್ನ ೧೯೯೬ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ ಸೆರೆಮನೆಗಳ ಒಂಬತ್ತು ವ್ಯಾಧಿಗಳನ್ನು ಎಣಿಸಿತು. ಜನಸಂದಣಿ, ವಿಚಾರಣೆಯ ವಿಳಂಬ, ಆರೋಗ್ಯ ನೈರ್ಮಲ್ಯಗಳ ಉಪೇಕ್ಷೆ, ಸಾಲದ ಅನ್ನಬಟ್ಟೆ ಇವೆಲ್ಲ ಅದರಲ್ಲಿವೆ. ರೋಗನಿದಾನವಾಗಿ ಒಂದು ತಲೆಮಾರು ಕಳೆಯಿತು. ಮದ್ದು ಅರೆಯುತ್ತಲೇ ಇದ್ದಾರೆ.

೨೦೨೨ರಲ್ಲಿ ನಮ್ಮ ಸೆರೆಮನೆಗಳಲ್ಲಿ ಸತ್ತವರು ೧,೯೯೫ ಜನ. ಅದರಲ್ಲಿ ೧,೭೭೩ ಮರಣಗಳನ್ನು ವರದಿಯು 'ಸಹಜ'ವೆಂದು ಬರೆದುಕೊಂಡಿದೆ. ಈ 'ಸಹಜ' ಎಂಬ ಶಬ್ದದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕೈದಿಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಜನರು ಐವತ್ತರೊಳಗಿನವರು. ಹೊಡೆತದಿಂದ ಸಾಯಲಿಲ್ಲ, ನೇಣು ಹಾಕಿಕೊಳ್ಳಲಿಲ್ಲ, ಆದ್ದರಿಂದ ಸಹಜ! ಹೃದಯ ನಿಂತಿತು, ಪುಪ್ಪುಸ ಕೊಳೆಯಿತು, ಆದ್ದರಿಂದ ಸಹಜ! ಎಷ್ಟು ಗಂಟೆಗೆ ನೋವೆಂದು ಕೂಗಿದನು, ಎಷ್ಟು ಗಂಟೆಗೆ ಬೀಗ ತೆರೆಯಿತು, ಎಷ್ಟು ಗಂಟೆಗೆ ಆಸ್ಪತ್ರೆಯನ್ನು ಮುಟ್ಟಿದನು ಎಂಬ ಮೂರು ಸಂಗತಿಗಳನ್ನು ಬರೆಯದೆ ಒಂದು ಮರಣವನ್ನು ಸಹಜವೆಂದು ಕರೆಯುವದು ವೈದ್ಯಶಾಸ್ತ್ರವೂ ಅಲ್ಲ, ನ್ಯಾಯಶಾಸ್ತ್ರವೂ ಅಲ್ಲ. ಅದು ಲೆಕ್ಕ ಮುಗಿಸುವ ಗುಮಾಸ್ತನ ಜಾಣತನ.

'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಕನ್ನಡಿಗರು ಮರೆತಿರಲಾರರು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ಅವರನ್ನು ಮೀಸಾ ಕಾಯಿದೆಯ ಕೆಳಗೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಅವರಿಗೆ ಉಬ್ಬಸದ ಬೇನೆಯಿತ್ತು. ಅದು ಸೆರೆಗೆ ಹಾಕಿದವರಿಗೆ ತಿಳಿಯದ ಸಂಗತಿಯಲ್ಲ. ವಿಚಾರಣೆಯಿಲ್ಲ, ತೀರ್ಪಿಲ್ಲ, ಸರಿಯಾದ ಚಿಕಿತ್ಸೆಯೂ ಇಲ್ಲ. ಎಂಟು ತಿಂಗಳ ಮೇಲೆ, ೧೯೭೭ನೆಯ ಜನವರಿ ೧೫ರಂದು, ಉಸಿರು ಇನ್ನೇನು ನಿಲ್ಲುವದೆನ್ನುವಾಗ ಹೊರಗೆ ಬಿಟ್ಟರು. ಐದು ದಿನಗಳಲ್ಲಿ ತೀರಿಕೊಂಡರು. ಮರಣವು ಸೆರೆಮನೆಯ ಹೊರಗಾದ್ದರಿಂದ ಸೆರೆಮನೆಯ ಲೆಕ್ಕದಲ್ಲಿ ಅವರು ಸತ್ತೇ ಇಲ್ಲ. ಅದೇ ಸೆರೆಮನೆಯ ಜಾಗವನ್ನು ಈಗ ಸ್ವಾತಂತ್ರ್ಯದ ಹೆಸರಿನ ಉದ್ಯಾನವಾಗಿ ಮಾಡಿದ್ದಾರೆ. ಬೆಂಗಳೂರಿಗರು ಅಲ್ಲಿ ಸಂಜೆ ಗಾಳಿಸೇವನೆಗೆ ಹೋಗುವರು. ಇನ್ನೊಬ್ಬರು ಸ್ಟ್ಯಾನ್ ಸ್ವಾಮಿ, ಹಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ ಪಾದ್ರಿಗಳು. ೨೦೨೦ರ ಅಕ್ಟೋಬರದಲ್ಲಿ ಬಂಧಿತರಾದಾಗ ಎಂಬತ್ತು ದಾಟಿದ ವಯಸ್ಸು. ಪಾರ್ಕಿನ್ಸನ್ ವ್ಯಾಧಿಯಿಂದ ಕೈ ನಡುಗಿ ಲೋಟ ಹಿಡಿಯಲಾರದವರು, ಹೀರಿ ಕುಡಿಯುವ ನಳಿಕೆಯ ಬಟ್ಟಲಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಮಾಡಬೇಕಾಯಿತು. ೨೦೨೧ನೆಯ ಜುಲೈ ೫ರಂದು ಬಂಧನದಲ್ಲಿದ್ದಂತೆಯೇ ಮುಂಬಯಿಯ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು. ಅವರ ಮೇಲಿನ ಆರೋಪವು ನಿಜವೋ ಸುಳ್ಳೋ ಎಂಬ ವಾದಕ್ಕೆ ನಾವಿಲ್ಲಿ ಇಳಿಯುವದಿಲ್ಲ. ನಿಜವೇ ಆಗಿದ್ದರೂ ನೀರು ಕುಡಿಯುವದಕ್ಕೆ ಅರ್ಜಿ ಹಾಕಬೇಕೆಂಬ ಶಿಕ್ಷೆ ಯಾವ ಕಲಮಿನಲ್ಲಿದೆ?

ಇವರಿಬ್ಬರ ಹೆಸರು ನಮಗೆ ತಿಳಿದದ್ದು ಇವರು ಹೆಸರುಳ್ಳವರಾದ್ದರಿಂದ. ಹೆಸರಿಲ್ಲದವರ ಮಾತೇನು? ಸೆರೆಮನೆಯಲ್ಲಿ ಸಮಾನತೆ ಎಂದೂ ಇರಲಿಲ್ಲ. ಲಾಹೋರಿನಲ್ಲಿ ಜತೀಂದ್ರದಾಸರು ಕೈದಿಗಳ ದುರ್ಗತಿಯನ್ನು ಪ್ರತಿಭಟಿಸಿ ೬೩ ದಿನ ಉಪವಾಸವಿದ್ದು ೧೯೨೯ನೆಯ ಸಪ್ಟಂಬರ ೧೩ರಂದು ದೇಹವಿಟ್ಟರು. ಅದಾದ ಮೇಲೆ ಸರಕಾರವು ಮಾಡಿದ ಸುಧಾರಣೆಯಾದರೂ ಎಂಥದು? ಎ, ಬಿ, ಸಿ ಎಂದು ಮೂರು ವರ್ಗಗಳು. ಓದಿದವನಿಗೆ, ಸುಖದ ರೂಢಿಯುಳ್ಳವನಿಗೆ ಒಳ್ಳೆಯ ಊಟವೂ ಮಂಚವೂ; ಅದೇ ಸತ್ಯಾಗ್ರಹವನ್ನೇ ಮಾಡಿದ ಒಕ್ಕಲಿಗನಿಗೆ ಸಿ ವರ್ಗದ ರೊಟ್ಟಿ. ಬಡವನ ಹೊಟ್ಟೆಗೆ ಕೆಟ್ಟ ಅನ್ನವು ಒಗ್ಗುತ್ತದೆಂಬ ಸಿದ್ಧಾಂತ! ಸ್ವಾತಂತ್ರ್ಯ ಬಂದ ಮೇಲೂ ಅನೇಕ ರಾಜ್ಯಗಳ ಕೈಪಿಡಿಗಳಲ್ಲಿ ಈ ವರ್ಗಭೇದವು ಬಹುಕಾಲ ಉಳಿಯಿತು. ಜಾತಿಯ ಹೇಲು ಬಳಿಯುವ ಕೆಲಸವು ಜಾತಿಗೇ ಅಂಟಿಕೊಂಡಿತ್ತು: ಅಡಿಗೆ ಒಂದು ಜಾತಿಗೆ, ಪಾಯಖಾನೆ ಇನ್ನೊಂದು ಜಾತಿಗೆ ಎಂದು ಕೈಪಿಡಿಗಳಲ್ಲಿಯೇ ಬರೆದಿದ್ದ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯವು ಹೊಡೆದುಹಾಕಿದ್ದು ೨೦೨೪ನೆಯ ಅಕ್ಟೋಬರ ೩ರಂದು. ಸಂವಿಧಾನಕ್ಕೆ ಆಗ ಎಪ್ಪತ್ತೈದನೆಯ ವರ್ಷ ನಡೆದಿತ್ತು. ಹೊಲಸಿನ ಕೆಲಸದೊಡನೆ ಹೊಲಸಿನ ರೋಗವೂ ಅದೇ ಜಾತಿಯ ಪಾಲಿಗೆ ಹೋಗುವದೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿರುವವರಲ್ಲಿ ಮೂರಕ್ಕೆ ಎರಡು ಪಾಲು ದಲಿತ, ಆದಿವಾಸಿ, ಹಿಂದುಳಿದ ಜಾತಿಗಳವರು. ಮೂರಕ್ಕೆ ಎರಡು ಪಾಲು ಹತ್ತನೆಯ ತರಗತಿಯನ್ನು ಮುಟ್ಟದವರು. ಇವರು ಹೊರಗಿದ್ದಾಗಲೂ ಕ್ಷಯವು ಮೊದಲು ಹುಡುಕಿಕೊಂಡು ಹೋದದ್ದು ಇವರ ಓಣಿಗಳಿಗೇ. ಸೆರೆಮನೆಯು ಆ ಓಣಿಯಿಂದ ಜನರನ್ನು ಕರೆದೊಯ್ದು, ಹತ್ತು ಪಟ್ಟು ಅಪಾಯದಲ್ಲಿಟ್ಟು, ಮತ್ತೆ ಅದೇ ಓಣಿಗೆ ತಂದುಬಿಡುತ್ತದೆ.

ಇವರು ಒಳಗೇ ಉಳಿಯುವ ಕಾರಣವನ್ನು ವಕೀಲಿಯ ವೃತ್ತಿಯಲ್ಲಿರುವ ನಾವು ನಿತ್ಯವೂ ಕಾಣುತ್ತೇವೆ. ಜಾಮೀನಿನ ಆಜ್ಞೆಯಾಗಿರುತ್ತದೆ; ಹೊಣೆ ನಿಲ್ಲುವವರಿಲ್ಲ. ಹೊಣೆಗೆ ಹೊಲದ ಪಹಣಿ ಬೇಕು, ಮನೆಯ ಉತಾರ ಬೇಕು. ಇವನಿಗೆ ಎರಡೂ ಇಲ್ಲ. ೧೯೭೮ರಲ್ಲಿ ಗವಂಡಿ ಕೆಲಸದ ಮೋತಿರಾಮನೆಂಬವನಿಗೆ ಹತ್ತು ಸಾವಿರ ರೂಪಾಯಿಗಳ ಹೊಣೆ ಕೇಳಿ, ಅವನ ಸಹೋದರನು ಹೊಣೆ ನಿಲ್ಲಲು ಬಂದರೆ ಅವನ ಆಸ್ತಿಯು ಬೇರೆ ಜಿಲ್ಲೆಯಲ್ಲಿದೆಯೆಂದು ಕೆಳಗಿನ ನ್ಯಾಯಾಲಯವು ತಳ್ಳಿಹಾಕಿದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಸಿಡಿಮಿಡಿಗೊಂಡರು. ದೂರದೇಶದಲ್ಲಿ ಸಿಕ್ಕಿಬಿದ್ದ ದಕ್ಷಿಣದ ಬಡವನು ಅಲ್ಲಿ ಆಸ್ತಿಯುಳ್ಳ ಹೊಣೆಗಾರನನ್ನು ಎಲ್ಲಿಂದ ತಂದಾನೆಂಬದು ಅವರ ಪ್ರಶ್ನೆ. ಐದು ಕನ್ನಡ ಖಂಡಗಳನ್ನು ಕೂಡಿಸಲು ೧೯೫೬ರ ವರೆಗೆ ಹೆಣಗಿದ ನಮಗೆ ಆ ಪ್ರಶ್ನೆಯ ಬಿಸಿ ಬೇಗ ತಟ್ಟಬೇಕು. ಆದರೂ ೨೦೨೩ರ ವರೆಗೂ ಜಾಮೀನು ಸಿಕ್ಕಿಯೂ ಸುಮಾರು ಐದು ಸಾವಿರ ಜನರು ಒಳಗಿದ್ದರೆಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಲೆಕ್ಕ ಬಂದಿತು. ಆ ವರ್ಷದ ಜನವರಿ ೩೧ರಂದು ಅದು ಆಜ್ಞೆ ಮಾಡಿತು: ಒಂದು ತಿಂಗಳಾದರೂ ಹೊಣೆ ಸಿಕ್ಕದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದು. ೨೦೨೩ರ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮಿನಂತೆ ಮೊದಲ ಸಲ ಆರೋಪಕ್ಕೊಳಗಾದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲು ಕಳೆದಿದ್ದರೆ, ಗೊತ್ತುಪಡಿಸಿದ ಕೆಲವು ಪ್ರಕರಣಗಳನ್ನುಳಿದು, ಬಿಡುಗಡೆಗೆ ಅರ್ಹನು. ಈ ಕಲಮುಗಳು ಕ್ಷಯದ ಮದ್ದೂ ಹೌದೆಂದು ನಾವು ಹೇಳುತ್ತೇವೆ. ಬರಾಕಿನಲ್ಲಿ ಇಬ್ಬರು ಕಡಿಮೆಯಾದರೆ ಇಬ್ಬರ ಗಾಳಿ ಉಳಿದವರಿಗೆ ಸಿಕ್ಕುತ್ತದೆ.

ಬಿಟ್ಟರೆ ಊರು ಹಾಳಾದೀತೆಂಬ ಭಯವೇ? ಕೋವಿಡ್ ಮಹಾಮಾರಿಯು ಬಂದಾಗ ಸರ್ವೋಚ್ಚ ನ್ಯಾಯಾಲಯವು ೨೦೨೦ನೆಯ ಮಾರ್ಚಿ ೨೩ರಂದು ಪ್ರತಿ ರಾಜ್ಯದಲ್ಲಿ ಉನ್ನತ ಸಮಿತಿಗಳನ್ನು ನೇಮಿಸಿ, ಏಳು ವರ್ಷಗಳ ವರೆಗಿನ ಶಿಕ್ಷೆಯ ವರ್ಗದವರನ್ನು ತಾತ್ಪೂರ್ತಿಕವಾಗಿ ಬಿಡುವ ವಿಚಾರ ಮಾಡಹೇಳಿತು. ಸಾವಿರಾರು ಜನರು ಹೊರಬಂದರು. ಊರುಗಳು ಎಲ್ಲಿದ್ದುವೋ ಅಲ್ಲಿಯೇ ಇದ್ದುವು. ಮಹಾಮಾರಿಯು ಇಳಿದ ಮೇಲೆ ೨೦೨೩ರ ಮಾರ್ಚಿಯಲ್ಲಿ ಅವರಿಗೆ ಮರಳಿ ಶರಣಾಗಲು ಆಜ್ಞೆಯಾಯಿತು. ಕ್ಷಯವು ಮಾತ್ರ ಇಳಿದಿಲ್ಲ.

ಈಗ ಮೊದಲಿನ ಸಭ್ಯಗೃಹಸ್ಥರ ಪ್ರಶ್ನೆಗೆ ಬರುವೆವು. ಹೊರಗಿನ ಬಡವನಿಗೆ ದವಾಖಾನೆಯಿಲ್ಲದಿರುವದು ಅನ್ಯಾಯವೇ. ಆದರೆ ಅವನು ಪಕ್ಕದೂರಿಗೆ ನಡೆದು ಹೋಗಬಲ್ಲ, ಸಾಲ ಮಾಡಬಲ್ಲ, ನಾಟಿವೈದ್ಯನ ಬಾಗಿಲು ತಟ್ಟಬಲ್ಲ. ಕೈದಿಯ ಬಾಗಿಲಿನ ಕೀಲಿ ನಮ್ಮ ಸರಕಾರದ ಸೊಂಟದಲ್ಲಿದೆ. ಕೀಲಿ ಹಾಕಿದವನ ಮೇಲೆ ಹೊಣೆ ಬೀಳುತ್ತದೆ. ಹಟ್ಟಿಯಲ್ಲಿ ಎತ್ತನ್ನು ಕಟ್ಟಿದವನು ನೀರು ಕುಡಿಸದೆ ಕೊಂದರೆ ಊರು ಅವನನ್ನು ಬಿಡುತ್ತದೆಯೇ? ಹೊರಗಿನವರಿಗೆ ದೊರೆಯುವ ಮಟ್ಟದ ಚಿಕಿತ್ಸೆಯೇ ಕೈದಿಗೂ ದೊರೆಯಬೇಕೆಂದು ಮಂಡೇಲರ ಹೆಸರಿನಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯು ೨೦೧೫ರಲ್ಲಿ ಒಪ್ಪಿದ ನಿಯಮಗಳು ಹೇಳುತ್ತವೆ. ಹೆಚ್ಚಿನದನ್ನು ಯಾರೂ ಕೇಳುತ್ತಿಲ್ಲ.

ಆಗಬೇಕಾದ ಮೊದಲ ಕೆಲಸವೆಂದರೆ ಸೆರೆಮನೆಯ ವೈದ್ಯಕೀಯವನ್ನು ಬೀಗದವರ ಕೈಯಿಂದ ಬಿಡಿಸಿ ಪೂರ್ತಿಯಾಗಿ ಆರೋಗ್ಯ ಇಲಾಖೆಗೆ ಒಪ್ಪಿಸುವದು. ನಾರ್ವೆ ೧೯೮೮ರಲ್ಲಿ ಇದನ್ನು ಮಾಡಿತು, ಫ್ರಾನ್ಸ್ ೧೯೯೪ರಲ್ಲಿ. ನಮಗೆ ೧೮೯೪ರ ಕಾಯಿದೆಯನ್ನು ಕೊಟ್ಟ ಇಂಗ್ಲೆಂಡು ತಾನು ೨೦೦೬ರ ಹೊತ್ತಿಗೆ ಆ ಪದ್ಧತಿಯನ್ನು ಬಿಟ್ಟು ತನ್ನ ರಾಷ್ಟ್ರೀಯ ಆರೋಗ್ಯ ಸೇವೆಗೇ ಕೈದಿಗಳನ್ನು ಒಪ್ಪಿಸಿತು. ಒಡೆಯನು ಬಿಸುಟ ಅಂಗಿಯನ್ನು ನಾವು ಇನ್ನೂ ಇಸ್ತ್ರಿ ಮಾಡುತ್ತಿದ್ದೇವೆ. ಒಳಹೊಗುವ ಪ್ರತಿಯೊಬ್ಬನ ಕಫವನ್ನೂ ರಕ್ತವನ್ನೂ ಬರಾಕಿಗೆ ಕಳಿಸುವ ಮೊದಲೇ ಪರೀಕ್ಷಿಸಬೇಕು. ಪ್ರತಿಯೊಂದು ಮರಣದ ಕಾಗದದಲ್ಲಿ ನಾವು ಮೇಲೆ ಹೇಳಿದ ಮೂರು ಗಂಟೆಗಳ ದಾಖಲೆಯಿರಬೇಕು.

ಶಾಲಾಮಾಸ್ತರರೂ ವಕೀಲ ಬಂಧುಗಳೂ ಇದರಲ್ಲಿ ತಮಗೇನು ಕೆಲಸವೆಂದು ಕೇಳಬಾರದು. ಸೆರೆಮನೆಗಳಿಗೆ ಅಧಿಕಾರಿಗಳಲ್ಲದ ಸಂದರ್ಶಕರನ್ನು ನೇಮಿಸುವ ಪದ್ಧತಿಯು ನಿಯಮಗಳಲ್ಲಿದೆ. ನಿಮ್ಮ ಜಿಲ್ಲೆಯ ಸೆರೆಮನೆಗೆ ಆ ಸಂದರ್ಶಕರು ಯಾರು, ಕಳೆದ ವರ್ಷ ಎಷ್ಟು ಸಲ ಹೋದರು, ಪುಸ್ತಕದಲ್ಲಿ ಏನು ಬರೆದರು ಎಂಬದನ್ನು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಕೇಳಿರಿ. ಸ್ಥಳವು ಖಾಲಿಯಿದ್ದರೆ ನಿಮ್ಮಲ್ಲಿಯೇ ಒಬ್ಬರು ಅರ್ಜಿ ಹಾಕಿರಿ. ಒಳಗೆ ಹೋದ ದಿನ ಅಡಿಗೆಯ ರುಚಿಯನ್ನು ನೋಡಿ ಸಹಿ ಹಾಕಿ ಬರುವದಲ್ಲ. ಕಳೆದ ತಿಂಗಳು ಒಳಬಂದವರಲ್ಲಿ ಎಷ್ಟು ಜನರ ಕಫದ ಪರೀಕ್ಷೆಯಾಯಿತು, ಕ್ಷಯದ ಚಿಕಿತ್ಸೆಯ ನಡುವೆ ಬಿಡುಗಡೆಯಾದವರೆಷ್ಟು, ಅವರಲ್ಲಿ ಎಷ್ಟು ಜನರು ಮಿಕ್ಕ ಗುಳಿಗೆಗಳನ್ನೂ ತಮ್ಮೂರ ದವಾಖಾನೆಗೆ ಚೀಟಿಯನ್ನೂ ಕೈಯಲ್ಲಿ ಹಿಡಿದು ಹೊರಟರು ಎಂಬ ಲೆಕ್ಕವನ್ನು ಮೇಜಿನ ಮೇಲೆ ಇಡಿಸಿಕೊಂಡು ಓದಿರಿ.